ವ್ಯಾಕರಣ ಕೆಡಿಸಿದ ಅಡುಗೆಯಾಳು

ಪ್ಯಾರಿಸ್ಸಿನ ಒಂದು ಉಳ್ಳವರ ಮನೆ. ಮನೆಯೊಡತಿ ತನ್ನ ಅಡುಗೆಯಾಳು ಮಾರ್ತೀನಳನ್ನು ನಿಂತ ನಿಲುವಿನಲ್ಲೇ ಕೆಲಸದಿಂದ ಬಿಡಿಸುತ್ತಾಳೆ. ಯಜಮಾನನಿಗೆ ದಿಗಿಲು. ಕನ್ನಡಿ ಒಡೆದಳೇ? ಪಿಂಗಾಣಿ ಬೀಳಿಸಿದಳೇ? ಬೆಳ್ಳಿಯ ತಟ್ಟೆ ಕಳುವಾಯಿತೇ? ಅದೊಂದೂ ಅಲ್ಲ, ಅದಕ್ಕಿಂತ ಘೋರವಾದದ್ದು ಎನ್ನುತ್ತಾಳೆ ಒಡತಿ. ಮೂವತ್ತು ಸಲ ಪಾಠ ಹೇಳಿದ ಮೇಲೂ ಆ ಹೆಂಗಸು ವೋಜ್ಲಾ ಎಂಬ ಪಂಡಿತ ಖಂಡಿಸಿದ ಅಸಭ್ಯ ಪದವೊಂದನ್ನು ಆಡಿ ಒಡತಿಯ ಕಿವಿಯನ್ನು ನೋಯಿಸಿದ್ದಾಳೆ! ಮನೆಯ ಇನ್ನೊಬ್ಬ ವಿದುಷಿ ಅವಳನ್ನು ಹತ್ತಿರ ನಿಲ್ಲಿಸಿಕೊಂಡು, ಎರಡು ನಿಷೇಧಗಳನ್ನು ಒಂದೇ ವಾಕ್ಯದಲ್ಲಿ ಸೇರಿಸಬಾರದು ಎಂದೂ, ‘ನಾನು’ ಎಂಬುದು ಏಕವಚನ, ಅದಕ್ಕೆ ಬಹುವಚನದ ಕ್ರಿಯಾಪದ ಹತ್ತಿಸಬಾರದು ಎಂದೂ ಬುದ್ಧಿ ಹೇಳುತ್ತಾಳೆ. ಜೀವಮಾನವೆಲ್ಲ ವ್ಯಾಕರಣವನ್ನು ಹೀಗೆ ಅವಮಾನಿಸುತ್ತೀಯಾ ಎಂದು ಕೇಳಿದರೆ, ಅಜ್ಜಿಯನ್ನಾಗಲಿ ಅಜ್ಜನನ್ನಾಗಲಿ ನಾನೇಕೆ ಅವಮಾನಿಸಲಿ ಎಂದು ಮಾರ್ತೀನ್ ತಬ್ಬಿಬ್ಬಾಗುತ್ತಾಳೆ. ಆ ಕಾಲದ ಫ್ರೆಂಚ್ ಉಚ್ಚಾರಣೆಯಲ್ಲಿ ‘ವ್ಯಾಕರಣ’ ಮತ್ತು ‘ಅಜ್ಜಿ’ ಎಂಬ ಎರಡು ಪದಗಳೂ ಕಿವಿಗೆ ಒಂದೇ ಆಗಿ ಕೇಳುತ್ತಿದ್ದವು.

ಇದು ಮೋಲಿಯೇರ್ 1672ರಲ್ಲಿ ರಂಗಕ್ಕೆ ತಂದ ‘ವಿದುಷಿಯರು’ ನಾಟಕದ ದೃಶ್ಯ. ಸಾರು ರುಚಿಯಾಗಿದ್ದರೆ ಸಾಕು, ಸೊಪ್ಪು ಸೋಸುವವಳು ನಾಮಪದಕ್ಕೂ ಕ್ರಿಯಾಪದಕ್ಕೂ ತಪ್ಪು ಗಂಟು ಹಾಕಿದರೆ ತನಗೇನು ನಷ್ಟ ಎಂಬುದು ಯಜಮಾನನ ವಾದ. ಪ್ರೇಕ್ಷಕರು ನಕ್ಕರು. ಆದರೆ ಅವರು ನಕ್ಕಿದ್ದು ಎರಡು ಕಡೆಗೂ ಎಂಬುದನ್ನು ಮರೆಯುವಂತಿಲ್ಲ. ಪಾಂಡಿತ್ಯದ ಹುಚ್ಚಿಗೆ ನಕ್ಕಷ್ಟೇ ಮಾರ್ತೀನಳ ನುಡಿಗೂ ನಕ್ಕರು. ಫ್ರೆಂಚರಿಗೆ ಅಂದಿನಿಂದ ಇಂದಿನವರೆಗೆ ವ್ಯಾಕರಣದ ತಪ್ಪು ಕೇವಲ ತಪ್ಪಾಗಿ ಉಳಿದಿಲ್ಲ. ಅದು ಆಡಿದವರ ಮನೆತನ, ಊರು, ಓದು, ಅಂತಸ್ತುಗಳ ಜಾತಕ. ಇಂದು ಸಾಮಾಜಿಕ ಜಾಲತಾಣದಲ್ಲಿ ಯಾರೋ ಒಬ್ಬ ತರುಣ ತನ್ನ ಕಷ್ಟ ತೋಡಿಕೊಂಡಾಗ, ಆ ಕಷ್ಟಕ್ಕೆ ಉತ್ತರ ಕೊಡುವ ಬದಲು ಅವನ ಕ್ರಿಯಾಪದವನ್ನು ತಿದ್ದಿ ನಗುವ ಹತ್ತು ಜನ ಹುಟ್ಟಿಕೊಳ್ಳುವುದು ಈ ಹಳೆಯ ಮನೆಯ ಹೊಸ ಕೋಣೆಯಲ್ಲಷ್ಟೆ.

ಅಡುಗೆಯಾಳಿನ ಕೆಲಸ ಕಳೆದ ಈ ವೋಜ್ಲಾ ಯಾರು? ನಾಟಕ ಆಡುವ ಹೊತ್ತಿಗೆ ಆತ ಸತ್ತು 22 ವರ್ಷಗಳಾಗಿದ್ದವು. ಕ್ಲೋದ್ ಫಾವ್ರ್ ದ ವೋಜ್ಲಾ 1585ರಲ್ಲಿ ಹುಟ್ಟಿದ್ದು ಅಂದಿನ ಸವಾಯ್ ಸಂಸ್ಥಾನದಲ್ಲಿ, ಪ್ಯಾರಿಸ್ಸಿನ ಲೆಕ್ಕದಲ್ಲಿ ಪರಸ್ಥಳದವನು. ಕಾರ್ಡಿನಲ್ ರಿಷೆಲ್ಯೂ 1635ರಲ್ಲಿ ಸ್ಥಾಪಿಸಿದ ಫ್ರೆಂಚ್ ಅಕಾಡೆಮಿಯ ಮೊದಲ ಸದಸ್ಯರಲ್ಲಿ ಒಬ್ಬ. 1647ರಲ್ಲಿ ಆತ ಪ್ರಕಟಿಸಿದ ‘ಫ್ರೆಂಚ್ ಭಾಷೆಯ ಬಗೆಗಿನ ಟಿಪ್ಪಣಿಗಳು’ ಸುಮಾರು ಮೂರು ಶತಮಾನಗಳ ಅಭಿರುಚಿಯನ್ನು ರೂಪಿಸಿದ ಗ್ರಂಥ. ಒಳ್ಳೆಯ ಭಾಷೆ ಯಾವುದು ಎಂಬ ಪ್ರಶ್ನೆಗೆ ವೋಜ್ಲಾ ಕೊಟ್ಟ ಉತ್ತರ ಸರಳ: ಆಸ್ಥಾನದವರಲ್ಲಿ ಅತ್ಯಂತ ವಿವೇಕಿಗಳಾದವರು ಆಡುವ ರೀತಿ, ಅದು ಅಂದಿನ ಅತ್ಯುತ್ತಮ ಲೇಖಕರು ಬರೆಯುವ ರೀತಿಗೆ ಹೊಂದಿಕೊಂಡಿರಬೇಕು. ಆತ ವ್ಯಾಕರಣಕ್ಕೆ ತರ್ಕದ ಆಧಾರವನ್ನು ಹುಡುಕಲಿಲ್ಲ ಎಂಬುದು ಇಲ್ಲಿ ಮುಖ್ಯ. ರೂಢಿಯೇ ದೊರೆ; ಆದರೆ ಯಾರ ರೂಢಿ ಎಂಬುದೇ ಮರ್ಮ.

ಒಂದು ಉದಾಹರಣೆ ಸಾಕು. ‘ನಾನು ಹೋಗುತ್ತೇನೆ’ ಎನ್ನಲು ಫ್ರೆಂಚಿನಲ್ಲಿ ಇಂದು ಶಾಲೆ ಕಲಿಸುವ ರೂಪ ‘ಜ ವೆ’. ಆದರೆ ವೋಜ್ಲಾ ಬರೆದಿಟ್ಟ ಪ್ರಕಾರ, ಓದು ಬರಹ ಬಲ್ಲ ಪಂಡಿತರು ‘ಜ ವೆ’ ಎನ್ನುತ್ತಿದ್ದರೂ ಇಡೀ ಆಸ್ಥಾನ ‘ಜ ವಾ’ ಎನ್ನುತ್ತಿತ್ತು. ‘ಜ ವೆ’ ಎಂಬುದು ಪ್ರಾಂತ್ಯದವರ, ಪ್ಯಾರಿಸ್ಸಿನ ಕೆಳವರ್ಗದವರ ಮಾತೆಂದು ಆಸ್ಥಾನಿಕರು ಮೂಗು ಮುರಿಯುತ್ತಿದ್ದರು. ಕಾಲ ತಿರುಗಿತು. ಇಂದು ‘ಜ ವಾ’ ಎಂದವನೇ ಹಳ್ಳಿಗಮಾರ. ಆ ರೂಪ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆಡುಮಾತಿನಲ್ಲಿ ಇನ್ನೂ ಜೀವಂತವಾಗಿದೆ. ಬೂವೂರ್ ಎಂಬ ವೈಯಾಕರಣ ಸಾಯುವ ಗಳಿಗೆಯಲ್ಲಿ, ತಾನು ಹೊರಟಿರುವುದನ್ನು ಎರಡು ರೂಪಗಳಲ್ಲಿಯೂ ಹೇಳಿ, ಎರಡೂ ಸಾಧು ಎಂದು ತೀರ್ಪು ಕೊಟ್ಟು ಕಣ್ಣು ಮುಚ್ಚಿದನೆಂಬ ಕಥೆಯಿದೆ. ಕಥೆ ನಿಜವೋ ಅಲ್ಲವೋ, ಫ್ರೆಂಚರಿಗೆ ಅದು ನಂಬಲರ್ಹವಾಗಿ ಕಂಡಿದೆ. ವೋಜ್ಲಾನ ಸಾವು ಅಷ್ಟು ಸೊಗಸಾಗಿರಲಿಲ್ಲ. ಸಾಲದಲ್ಲಿ ಮುಳುಗಿ 1650ರಲ್ಲಿ ಸತ್ತಾಗ, ಸಾಲಗಾರರು ಅಕಾಡೆಮಿಯ ನಿಘಂಟಿಗೆಂದು ಆತ ಬರೆದಿದ್ದ ಹಾಳೆಗಳನ್ನೂ ಜಪ್ತಿ ಮಾಡಿದರು.

ಮಾರ್ತೀನಳ ‘ನಾನು ಮಾತಾಡುತ್ತೇವೆ’ ಎಂಬಂಥ ಪ್ರಯೋಗಕ್ಕೂ ಇಂಥದೇ ವಂಶಾವಳಿಯಿದೆ. ಏಕವಚನದ ಸರ್ವನಾಮಕ್ಕೆ ಬಹುವಚನದ ಪ್ರತ್ಯಯ ಹಚ್ಚುವ ಈ ರೂಪ 16ನೇ ಶತಮಾನದಲ್ಲಿ ಆಸ್ಥಾನದ ಮಂದಿಯಲ್ಲೂ ಚಾಲ್ತಿಯಲ್ಲಿತ್ತು. ನೂರು ವರ್ಷ ಕಳೆಯುವುದರೊಳಗೆ ಅದೇ ರೂಪ ರಂಗಭೂಮಿಯಲ್ಲಿ ರೈತರ, ಆಳುಗಳ ಗುರುತಾಯಿತು. ಫ್ರಾನ್ಸಿನ ಪಶ್ಚಿಮ ಭಾಗದಿಂದ ಹಡಗು ಹತ್ತಿ ಹೋದವರೊಂದಿಗೆ ಅದು ಅಟ್ಲಾಂಟಿಕ್ ದಾಟಿತು. ಕೆನಡಾದ ಪೂರ್ವ ಕರಾವಳಿಯ ಅಕಾಡಿಯನ್ನರ ಕೆಲವು ಊರುಗಳಲ್ಲಿ ಈಗಲೂ ಕೇಳಿಬರುತ್ತದೆ. ‘ದೊರೆ’ ಎಂಬ ಅರ್ಥದ ಪದವನ್ನು ಇಂದು ಎಲ್ಲರೂ ‘ರ್ವಾ’ ಎನ್ನುತ್ತಾರೆ. ಕ್ರಾಂತಿಗೆ ಮೊದಲು ಸ್ವತಃ ದೊರೆಯ ಅರಮನೆಯಲ್ಲಿ ಅದು ‘ರ್ವೆ’. ‘ರ್ವಾ’ ಎಂಬುದು ಪ್ಯಾರಿಸ್ಸಿನ ಬೀದಿಯ ಉಚ್ಚಾರಣೆ. ದೊರೆಯ ತಲೆ ಹೋದ ಮೇಲೆ ಬೀದಿಯ ಸ್ವರವೇ ಸಿಂಹಾಸನ ಏರಿತು.

ಇನ್ನೊಂದು ಸ್ವಾರಸ್ಯ. ಫ್ರೆಂಚಿನಲ್ಲಿ ನಿಷೇಧಾರ್ಥಕ್ಕೆ ಕ್ರಿಯಾಪದದ ಹಿಂದೆ ‘ನ’, ಮುಂದೆ ‘ಪಾ’ ಎಂಬ ಎರಡು ಕಾವಲುಗಾರರು ಬೇಕು. ಆಡುಮಾತಿನಲ್ಲಿ ಮೊದಲನೆಯದು ಬಿದ್ದುಹೋಗುತ್ತದೆ. ಇದನ್ನು ಇಂದಿನ ಯುವಕರ ಸೋಮಾರಿತನವೆಂದೂ, ದೂರದರ್ಶನ ಹಾಗೂ ಮೊಬೈಲಿನ ಪಾಪವೆಂದೂ ಬೈಯುವವರಿಗೆ ಕೊರತೆಯಿಲ್ಲ. ಆದರೆ ಎರೋವಾರ್ ಎಂಬ ರಾಜವೈದ್ಯ 17ನೇ ಶತಮಾನದ ಆರಂಭದಲ್ಲಿ ಬಾಲಕ ಯುವರಾಜನ ಮಾತುಗಳನ್ನು ಕೇಳಿಸಿದಂತೆಯೇ ದಿನಚರಿಯಲ್ಲಿ ಬರೆದಿಟ್ಟ. ಮುಂದೆ 13ನೇ ಲೂಯಿ ಎನಿಸಿದ, ಅಕಾಡೆಮಿಯ ಸ್ಥಾಪನೆಗೆ ಮುದ್ರೆಯೊತ್ತಿದ ಆ ಹುಡುಗನೂ ಎಷ್ಟೋ ಕಡೆ ಆ ‘ನ’ವನ್ನು ನುಂಗಿದ್ದಾನೆ.

ಅಕಾಡೆಮಿ ತನ್ನ ಉದ್ದೇಶವನ್ನು ಮುಚ್ಚಿಡಲಿಲ್ಲ. ನಿಘಂಟಿಗೆ ಯಾವ ಕಾಗುಣಿತ ಹಿಡಿಯಬೇಕೆಂಬ ಚರ್ಚೆ ಬಂದಾಗ, ಉಚ್ಚಾರಣೆಗೆ ಹತ್ತಿರವಾದ ಸರಳ ಬರಹ ಬೇಕೆನ್ನುವವರೂ ಇದ್ದರು. ಆದರೆ ಮೆಜರೇ 1673ರ ಟಿಪ್ಪಣಿಯಲ್ಲಿ ಹಳೆಯ ಕಾಗುಣಿತದ ಪರ ನಿಂತು ಕೊಟ್ಟ ಕಾರಣ, ಅದು ವಿದ್ವಾಂಸರನ್ನು ಅಜ್ಞಾನಿಗಳಿಂದಲೂ ಸಾಮಾನ್ಯ ಹೆಂಗಸರಿಂದಲೂ ಬೇರೆಯಾಗಿ ತೋರಿಸುತ್ತದೆ ಎಂಬುದು. ಮೋಲಿಯೇರನ ನಾಟಕದ ಮರುವರ್ಷವೇ ಬಂದ ಈ ಮಾತನ್ನು ಹಾಸ್ಯವೆಂದು ತಿಳಿಯಬಾರದು. ಉಚ್ಚರಿಸದ ಅಕ್ಷರಗಳನ್ನು ಪದದಲ್ಲಿ ಉಳಿಸಿಕೊಂಡದ್ದರ ಹಿಂದೆ ಲ್ಯಾಟಿನ್ ಮೂಲದ ಗೌರವವಿತ್ತು, ನಿಜ. ಬಾಗಿಲಿಗೆ ಬೀಗ ಹಾಕುವ ಇರಾದೆಯೂ ಇತ್ತು.

ಆ ಬಾಗಿಲಿನ ಮುಂದೆ ದೇಶವನ್ನೆಲ್ಲ ಸಾಲಾಗಿ ನಿಲ್ಲಿಸಿದ್ದು ಮುಂದಿನ ಕಾಲ. 1794ರ ಜೂನಿನಲ್ಲಿ ಪಾದ್ರಿ ಗ್ರೆಗುವಾರ್ ಕ್ರಾಂತಿಯ ಸಭೆಗೆ ಒಪ್ಪಿಸಿದ ವರದಿಯ ಅಂದಾಜಿನಂತೆ ಕನಿಷ್ಠ 60 ಲಕ್ಷ ಪ್ರಜೆಗಳಿಗೆ ಫ್ರೆಂಚ್ ಗೊತ್ತೇ ಇರಲಿಲ್ಲ. ಇನ್ನಷ್ಟೇ ಜನ ಅದರಲ್ಲಿ ಸಂಭಾಷಣೆ ನಡೆಸಲಾರರು. ಶುದ್ಧವಾಗಿ ಆಡಬಲ್ಲವರು 30 ಲಕ್ಷವನ್ನು ಮೀರಲಾರರು. ಒಂದೇ ಗಣರಾಜ್ಯಕ್ಕೆ ಒಂದೇ ನುಡಿ ಎಂಬ ಸಂಕಲ್ಪ ಹುಟ್ಟಿತು. 1833ರಲ್ಲಿ ಗೀಜೋನ ಕಾನೂನು ಪ್ರಾಥಮಿಕ ಶಾಲೆಗಳನ್ನು ಹರಡಿತು. 1881 ಮತ್ತು 1882ರಲ್ಲಿ ಜೂಲ್ ಫೆರಿಯ ಕಾನೂನುಗಳು ಅವನ್ನು ಉಚಿತವಾಗಿಯೂ ಶಿಕ್ಷಣವನ್ನು ಕಡ್ಡಾಯವಾಗಿಯೂ ಮಾಡಿದವು. ಬ್ರಿಟನಿ ಮುಂತಾದ ಪ್ರಾಂತ್ಯಗಳಲ್ಲಿ ಮನೆಮಾತು ಆಡಿ ಸಿಕ್ಕಿಬಿದ್ದ ಹುಡುಗನ ಕೊರಳಿಗೆ ಮರದ ತುಂಡನ್ನೋ ಹಳೆಯ ಮೆಟ್ಟನ್ನೋ ತೂಗುಹಾಕುತ್ತಿದ್ದರು. ಇನ್ನೊಬ್ಬ ಹುಡುಗನನ್ನು ಹಿಡಿದುಕೊಟ್ಟರೆ ಮಾತ್ರ ಅದರಿಂದ ಬಿಡುಗಡೆ.

ಶಾಲೆ ಫ್ರೆಂಚರಿಗೆ ಓದು ಬರಹ ಕೊಟ್ಟಿತು. ಜೊತೆಗೆ ತಪ್ಪಿನ ಭಯವನ್ನೂ ಕೊಟ್ಟಿತು. ಶಾಲಾ ವ್ಯಾಕರಣವೆಂಬ ಶಾಸ್ತ್ರವೇ ಮುಖ್ಯವಾಗಿ ಕಾಗುಣಿತವನ್ನು ಕಲಿಸುವ ಸಲುವಾಗಿ ಕಟ್ಟಿದ್ದು ಎಂದು ಇತಿಹಾಸಕಾರ ಆಂದ್ರೆ ಶೆರ್ವೆಲ್ 1977ರ ತನ್ನ ಪುಸ್ತಕದಲ್ಲಿ ವಾದಿಸಿದ. ಬರೆದಂತೆ ಓದುವ ಲಿಪಿಗೆ ಒಗ್ಗಿದ ಕನ್ನಡಿಗರಿಗೆ ಈ ಮಾತು ವಿಚಿತ್ರವೆನಿಸಬಹುದು. ಆದರೆ ಫ್ರೆಂಚಿನಲ್ಲಿ ‘ತಿನ್ನಲು’, ‘ತಿಂದ’, ‘ತಿನ್ನಿರಿ’ ಎಂಬ ಮೂರು ರೂಪಗಳೂ ಕಿವಿಗೆ ‘ಮಾಂಜೆ’ ಎಂದೇ ಬೀಳುತ್ತವೆ. ಕಾಗದದ ಮೇಲೆ ಮಾತ್ರ ಮೂರು ಬಗೆ. ಯಾವುದು ಎಲ್ಲಿ ಎಂದು ತಿಳಿಯಬೇಕಾದರೆ ಹುಡುಗ ವಾಕ್ಯವನ್ನು ಬಿಡಿಸಲೇಬೇಕು.

ಎಲ್ಲಕ್ಕಿಂತ ಕುಖ್ಯಾತವಾದದ್ದು ಭೂತಕೃದಂತದ ನಿಯಮ. ‘ನಾನು ಪತ್ರಗಳನ್ನು ಬರೆದಿದ್ದೇನೆ’ ಎಂಬಲ್ಲಿ ‘ಬರೆದ’ ಎಂಬ ರೂಪ ಹಾಗೆಯೇ ಇರುತ್ತದೆ. ಆದರೆ ‘ನಾನು ಬರೆದ ಪತ್ರಗಳು’ ಎಂದು ಕರ್ಮಪದ ಮೊದಲೇ ಬಂದುಬಿಟ್ಟರೆ ಕೃದಂತ ಆ ಪತ್ರಗಳ ಲಿಂಗ ವಚನಗಳನ್ನು ತೊಟ್ಟುಕೊಳ್ಳಬೇಕು. ಇಟಾಲಿಯನ್ ಮಾದರಿ ನೋಡಿ ಇದನ್ನು 16ನೇ ಶತಮಾನದಲ್ಲಿ ಎತ್ತಿಹಿಡಿದವನು ಕವಿ ಕ್ಲೆಮಾಂ ಮಾರೋ. ಇಟಲಿಯಿಂದ ಆತ ತಂದ ಅನಿಷ್ಟಗಳಲ್ಲಿ ಒಂದು ಗುಹ್ಯರೋಗ, ಇನ್ನೊಂದು ಈ ನಿಯಮ, ಹೆಚ್ಚು ಹಾನಿ ಮಾಡಿದ್ದು ಎರಡನೆಯದೇ ಎಂಬ ಚಟಾಕಿ ವೋಲ್ಟೇರನ ಹೆಸರಿನಲ್ಲಿ ಓಡಾಡುತ್ತದೆ.

ಉಕ್ತಲೇಖನ, ಅಂದರೆ ಮೇಷ್ಟ್ರು ಹೇಳಿದ್ದನ್ನು ಹುಡುಗರು ಬರೆಯುವ ಅಭ್ಯಾಸ, ಫ್ರಾನ್ಸಿನಲ್ಲಿ ಒಂದು ರಾಷ್ಟ್ರೀಯ ವ್ರತ. ಪ್ರಾಥಮಿಕ ಹಂತದ ಅಂತಿಮ ಪರೀಕ್ಷೆಯಲ್ಲಿ ಐದು ತಪ್ಪಾದರೆ ಸೊನ್ನೆ, ಸೊನ್ನೆ ಬಂದರೆ ನಪಾಸು. ಇದಕ್ಕೆ ಮೇಲಿನವರ ವಿನೋದದ ರೂಪವೂ ಇತ್ತು. 1857ರಲ್ಲಿ ಫೋಂತೆನ್‌ಬ್ಲೋ ಅರಮನೆಯಲ್ಲಿ ಕಾದಂಬರಿಕಾರ ಮೆರಿಮೆ ತೊಡಕು ಪದಗಳನ್ನೇ ಹೆಣೆದು ಒಂದು ಉಕ್ತಲೇಖನ ಕೊಟ್ಟನಂತೆ. ಚಕ್ರವರ್ತಿ 3ನೇ ನೆಪೋಲಿಯನ್ ಮಾಡಿದ ತಪ್ಪು 75, ಮಹಾರಾಣಿಯದು 62, ಕಿರಿಯ ಅಲೆಕ್ಸಾಂಡರ್ ದ್ಯುಮಾನದು 24; ಗೆದ್ದವನು ಆಸ್ಟ್ರಿಯಾದ ರಾಜತಂತ್ರಜ್ಞ ಮೆಟರ್ನಿಕ್, ಮೂರೇ ತಪ್ಪು. ಅಂಕಿಗಳಿಗೆ ಆಸ್ಥಾನದ ಹರಟೆಯ ಉಪ್ಪುಖಾರ ಸೇರಿರಬಹುದು. 75 ತಪ್ಪು ಮಾಡಿಯೂ ಚಕ್ರವರ್ತಿ ಚಕ್ರವರ್ತಿಯಾಗಿಯೇ ಉಳಿದ. ಐದು ತಪ್ಪು ಮಾಡಿದ ಕೂಲಿಯ ಮಗ ಗುಮಾಸ್ತನಾಗುವ ಆಸೆ ಬಿಟ್ಟ.

ತಪ್ಪನ್ನು ಬೇರೊಂದು ಕಣ್ಣಿನಿಂದ ನೋಡಿದವರು ಇಲ್ಲದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಜಿನೀವಾದ ರೆಡ್ ಕ್ರಾಸ್ ಸಂಸ್ಥೆ ಯುದ್ಧಕೈದಿಗಳ ಸುದ್ದಿ ಹುಡುಕಿಕೊಡುವ ಕಚೇರಿಯೊಂದನ್ನು ನಡೆಸುತ್ತಿತ್ತು. ಗಂಡ ಎಲ್ಲಿದ್ದಾನೆ, ಮಗ ಬದುಕಿದ್ದಾನೆಯೇ ಎಂದು ಕೇಳುವ ಕಾಗದಗಳು ಅಲ್ಲಿಗೆ ರಾಶಿ ರಾಶಿಯಾಗಿ ಬಂದವು. ಬರೆದವರು ಬಹುಮಟ್ಟಿಗೆ ಫೆರಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ರೈತರು, ಕಾರ್ಮಿಕರು, ಅವರ ಹೆಂಡಂದಿರು, ತಾಯಂದಿರು. ಶಾಲೆಯ ಕೆಂಪು ಶಾಯಿಯ ಲೆಕ್ಕದಲ್ಲಿ ಆ ಕಾಗದಗಳ ಒಂದು ಸಾಲೂ ಪಾಸಾಗುವಂತಿರಲಿಲ್ಲ. ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಆನ್ರಿ ಫ್ರೈ ಆ ಕಾಗದಗಳನ್ನು ಓದಿದ. ತಪ್ಪುಗಳನ್ನು ಎಣಿಸಿ ಮರುಗುವುದಕ್ಕಲ್ಲ. ಅವು ಏಕೆ ಎಲ್ಲರಲ್ಲೂ ಒಂದೇ ಬಗೆಯಾಗಿವೆ ಎಂದು ತಿಳಿಯುವುದಕ್ಕೆ. 1929ರಲ್ಲಿ ಪ್ರಕಟವಾದ ಅವನ ಪುಸ್ತಕದ ಹೆಸರೇ ‘ತಪ್ಪುಗಳ ವ್ಯಾಕರಣ’.

ಫ್ರೈ ಕಂಡದ್ದಿಷ್ಟು. ತಪ್ಪುಗಳು ಮನಬಂದಂತೆ ಬೀಳುವ ಕಲ್ಲುಗಳಲ್ಲ. ಆಡುವವರಿಗೆ ಬೇಕಾದುದನ್ನು ನಿಯಮಬದ್ಧ ಭಾಷೆ ಒದಗಿಸದೆ ಹೋದಾಗ, ಅವರೇ ಅದನ್ನು ತಯಾರಿಸಿಕೊಳ್ಳುತ್ತಾರೆ. ಮಾತು ಚಿಕ್ಕದಾಗಬೇಕು, ರೂಪಗಳು ಪದೇ ಪದೇ ಬದಲಾಗಬಾರದು, ಅರ್ಥ ಗೊಂದಲವಾಗಬಾರದು, ಭಾವ ತಟ್ಟಬೇಕು: ಇಂಥ ಅಗತ್ಯಗಳೇ ತಪ್ಪುಗಳ ತಾಯಿ. ‘ಯಾರ ಬಗ್ಗೆ’, ‘ಯಾರಿಗೆ’, ‘ಯಾರ’ ಎಂಬ ಅರ್ಥಗಳಿಗೆ ಫ್ರೆಂಚಿನಲ್ಲಿ ಬೇರೆ ಬೇರೆ ಸಂಬಂಧಾರ್ಥಕ ಸರ್ವನಾಮಗಳಿವೆ. ಕಾಗದ ಬರೆದವರು ಅವನ್ನೆಲ್ಲ ಬಿಟ್ಟು ‘ಕ’ ಎಂಬ ಒಂದನ್ನೇ ಇಟ್ಟುಕೊಂಡು, ಉಳಿದುದನ್ನು ವಾಕ್ಯದ ಕೊನೆಗೆ ಸೇರಿಸುತ್ತಿದ್ದರು. ‘ಷರತ್ತು’ ಸೂಚಿಸುವ ವಾಕ್ಯಗಳಲ್ಲೂ ಹಾಗೆಯೇ. ‘ಗೊತ್ತಿದ್ದಿದ್ದರೆ ಬರುತ್ತಿರಲಿಲ್ಲ’ ಎನ್ನಲು ಫ್ರೆಂಚಿನಲ್ಲಿ ಮೊದಲ ಭಾಗಕ್ಕೆ ಒಂದು ಕಾಲರೂಪ, ಎರಡನೆಯದಕ್ಕೆ ಇನ್ನೊಂದು. ಜನ ಎರಡೂ ಕಡೆ ಒಂದೇ ರೂಪ ಹಾಕಿ ತಕ್ಕಡಿ ಸರಿತೂಗಿಸಿದರು. ‘ಸಿ ಜೋರೆ’ ಎಂಬ ಈ ಪ್ರಯೋಗ ಇಂದಿಗೂ ಫ್ರೆಂಚ್ ಮೇಷ್ಟ್ರ ಕಡುವೈರಿ. ಅದನ್ನು ತಡೆಯಲು ಮಕ್ಕಳಿಗೆ ಒಂದು ಪ್ರಾಸದ ಸೂತ್ರವನ್ನೇ ಬಾಯಿಪಾಠ ಮಾಡಿಸುತ್ತಾರೆ. 1962ರಲ್ಲಿ ಬಂದ ‘ಗುಂಡಿಗಳ ಯುದ್ಧ’ ಎಂಬ ಚಲನಚಿತ್ರದ ಪುಟ್ಟ ಹುಡುಗನೊಬ್ಬ ಇದೇ ತಪ್ಪನ್ನು ಮತ್ತೆ ಮತ್ತೆ ಆಡಿ ಇಡೀ ದೇಶದ ಮುದ್ದಿನ ಮಗುವಾದ. ಮಗುವಿನ ಬಾಯಲ್ಲಿ ಮುದ್ದು. ಕೆಲಸ ಕೇಳಿಕೊಂಡು ಬಂದವನ ಅರ್ಜಿಯಲ್ಲಾದರೆ ಅದು ಕಸದ ಬುಟ್ಟಿಗೆ ದಾರಿ.

ಸರ್ಕಾರವೂ ಆಗಾಗ ಹಗ್ಗ ಸಡಿಲಿಸಲು ನೋಡಿದೆ. 1900ರಲ್ಲಿ ಶಿಕ್ಷಣಮಂತ್ರಿ ಜಾರ್ಜ್ ಲೆಗ್ ಪರೀಕ್ಷೆಗಳಲ್ಲಿ ಕೆಲವು ತಪ್ಪುಗಳನ್ನು ತಪ್ಪೆಂದು ಎಣಿಸಬಾರದು ಎಂಬ ಆಜ್ಞೆ ಹೊರಡಿಸಿದ. ಭೂತಕೃದಂತದ ಕಾಟವೂ ಅದರಲ್ಲಿ ತಪ್ಪುವುದಿತ್ತು. ಅಕಾಡೆಮಿ ಕೆರಳಿತು. 1901ರ ಪರಿಷ್ಕೃತ ಆಜ್ಞೆಯಲ್ಲಿ ಆ ರಿಯಾಯಿತಿಯ ಹೆಚ್ಚಿನ ಪಾಲು ಮಾಯವಾಗಿತ್ತು. 1976ರಲ್ಲಿ ಇಂಥದೇ ಇನ್ನೊಂದು ಆಜ್ಞೆ ಬಂತು. ಎರಡನ್ನೂ ಬಹುತೇಕ ಮೇಷ್ಟ್ರುಗಳು ಕಣ್ಣೆತ್ತಿ ನೋಡಲಿಲ್ಲ. ಅಕಾಡೆಮಿಯೇ ವ್ಯಾಕರಣ ಬರೆದಾಗ ನಡೆದದ್ದು ಇನ್ನೊಂದು ಪ್ರಹಸನ. 1635ರಲ್ಲಿ ವಾಗ್ದಾನ ಮಾಡಿದ ವ್ಯಾಕರಣಗ್ರಂಥ ಹೊರಬಿದ್ದದ್ದು 1932ರಲ್ಲಿ. ಭಾಷೆಯ ಇತಿಹಾಸಕಾರ ಫರ್ದಿನಾಂ ಬ್ರ್ಯೂನೋ ಅದೇ ವರ್ಷ ಅದರೊಳಗಿನ ದೋಷಗಳನ್ನು ಪಟ್ಟಿ ಮಾಡಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಮುನ್ನೂರು ವರ್ಷ ಕಾದು ಪಡೆದ ಶಾಸ್ತ್ರಕ್ಕೆ ಆಯಸ್ಸು ಇರಲಿಲ್ಲ.

1990ರ ಡಿಸೆಂಬರಿನಲ್ಲಿ ಪ್ರಧಾನಿ ಮಿಶೆಲ್ ರೊಕಾರ್ ಕಾಲದ ಕಾಗುಣಿತ ಸುಧಾರಣೆ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಸುಮಾರು 2000 ಪದಗಳಿಗೆ ಸರಳ ರೂಪ. ಅಕಾಡೆಮಿಯ ಒಪ್ಪಿಗೆಯೂ ಇತ್ತು. ಪತ್ರಿಕೆಗಳಲ್ಲಿ ಎದ್ದ ಗದ್ದಲಕ್ಕೆ ಹೆದರಿ, ಹಳೆಯದೂ ಇರಲಿ ಹೊಸದೂ ಇರಲಿ, ಬಳಕೆಯೇ ತೀರ್ಮಾನಿಸಲಿ ಎಂದು ಕೈತೊಳೆದುಕೊಂಡರು. 25 ವರ್ಷ ಅದು ನಿದ್ರೆಯಲ್ಲಿತ್ತು. 2016ರ ಫೆಬ್ರುವರಿಯಲ್ಲಿ, ಮುಂದಿನ ಶಾಲಾವರ್ಷದ ಪಠ್ಯಪುಸ್ತಕಗಳು ಹೊಸ ಕಾಗುಣಿತವನ್ನು ಬಳಸಲಿವೆ ಎಂಬ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ಸಾಮಾಜಿಕ ಜಾಲತಾಣಗಳಿಗೆ ಬೆಂಕಿ ಬಿತ್ತು.

ವಿವಾದದ ನಾಯಕ ಒಂದು ಟೋಪಿ. ಸ್ವರಾಕ್ಷರದ ತಲೆಯ ಮೇಲೆ ಕೂರುವ ‘ಸಿರ್ಕೊಂಫ್ಲೆಕ್ಸ್’ ಎಂಬ ಚಿಹ್ನೆಯನ್ನು ಕೆಲವು ಪದಗಳಲ್ಲಿ ಬಿಡಬಹುದು ಎಂದು ಸುಧಾರಣೆ ಹೇಳಿತ್ತು. 2015ರ ಜನವರಿಯಲ್ಲಿ ವ್ಯಂಗ್ಯಪತ್ರಿಕೆಯೊಂದರ ಮೇಲೆ ನಡೆದ ಭೀಕರ ದಾಳಿಯ ಶೋಕದಲ್ಲಿ ‘ನಾನು ಶಾರ್ಲಿ’ ಎಂದು ಬರೆದಿದ್ದ ದೇಶ ಈಗ ‘ನಾನು ಸಿರ್ಕೊಂಫ್ಲೆಕ್ಸ್’ ಎಂದು ಬರೆಯತೊಡಗಿತು. ಸುಧಾರಣೆಯಾದಾಗ 13 ವರ್ಷದ ಹುಡುಗಿಯಾಗಿದ್ದ ಶಿಕ್ಷಣಮಂತ್ರಿ ನಜಾತ್ ವಲ್ಲೋ ಬೆಲ್ಕಾಸೆಮ್ ಅವರೇ ಭಾಷೆಯನ್ನು ಕೊಂದರೆಂದು ಬೈಗುಳದ ಮಳೆ ಸುರಿಯಿತು. ಆ ದಿನಗಳಲ್ಲಿ ಅತ್ಯಂತ ಹೆಚ್ಚು ಓಡಾಡಿದ ಒಂದು ಚಟಾಕಿಯ ಪ್ರಕಾರ, ಟೋಪಿ ತೆಗೆದರೆ ‘ಉಪವಾಸ’ ಎಂಬ ಪದ ‘ಹರೆಯದವನು’ ಎಂದಾಗಿ, ಉಪವಾಸ ಮಾಡುತ್ತೇನೆ ಎಂಬ ವಾಕ್ಯಕ್ಕೆ ಅಶ್ಲೀಲ ಅರ್ಥ ಬಂದುಬಿಡುತ್ತದೆ. ವಾಸ್ತವವಾಗಿ ಅರ್ಥ ಕೆಡುವಂಥ ಕಡೆಗಳಲ್ಲಿ ಟೋಪಿಯನ್ನು ಉಳಿಸಬೇಕೆಂದು ಸುಧಾರಣೆ ಸ್ಪಷ್ಟವಾಗಿ ಹೇಳಿತ್ತು. ಉಪವಾಸದ ಟೋಪಿ ಎಲ್ಲಿಯೂ ಹೋಗಿರಲಿಲ್ಲ. ನಿಯಮ ಕಾಪಾಡಲು ಹೊರಟವರು ನಿಯಮವನ್ನು ಓದಿರಲಿಲ್ಲ.

ಇನ್ನೊಂದು ಗಲಾಟೆ ನೈದಿಲೆಯ ಹೂವಿನದು. ‘ನೆನ್ಯುಫಾರ್’ ಎಂಬ ಪದದ ‘ಪಿಎಚ್’ ಅಕ್ಷರಜೋಡಿಯ ಬದಲು ಒಂಟಿ ‘ಎಫ್’ ಬರೆಯಬಹುದು ಎಂಬುದು ಸುಧಾರಣೆ. ಇದರಿಂದ ಗ್ರೀಕ್ ಪರಂಪರೆಯ ಕೊಂಡಿ ಕಳಚಿತು ಎಂದು ಎಷ್ಟೋ ಜನ ಹಲುಬಿದರು. ಆದರೆ ಆ ಪದಕ್ಕೂ ಗ್ರೀಕಿಗೂ ಸಂಬಂಧವಿಲ್ಲ. ಅದು ಅರಬ್ಬಿಯಿಂದ, ಅರಬ್ಬಿಗೆ ಪಾರಸಿಯಿಂದ, ಪಾರಸಿಗೆ ಸಂಸ್ಕೃತದಿಂದ ಬಂದದ್ದು. ಮೂಲ ಕನ್ನಡಿಗರಿಗೂ ಪರಿಚಿತವಾದ ‘ನೀಲೋತ್ಪಲ’. ಅಕಾಡೆಮಿಯ ನಿಘಂಟಿನಲ್ಲಿಯೂ ಆ ಪದ ಒಂಟಿ ‘ಎಫ್’ನಲ್ಲಿಯೇ ಇತ್ತು, 1935ರ ಆವೃತ್ತಿ ಅದನ್ನು ಬದಲಿಸಿತು. 1990ರ ಸುಧಾರಕರು ಹಳೆಯದಕ್ಕೇ ಮರಳಿದ್ದರು. ಹುಟ್ಟುವ ಮೊದಲೇ ಇದ್ದುದನ್ನು ಹೊಸತೆಂದೂ, ಅಜ್ಜನ ಕಾಲದಲ್ಲಿ ಬಂದುದನ್ನು ಸನಾತನವೆಂದೂ ತಿಳಿಯುವುದು ಭಾಷೆಯ ವಿಷಯದಲ್ಲಿ ಸಾಮಾನ್ಯ.

ಟೋಪಿಯ ಗಲಾಟೆ ಬಂದು ಹೋಯಿತು. ದಿನದಿನದ ಗೇಲಿ ಮಾತ್ರ ನಿಲ್ಲಲಿಲ್ಲ. ಕ್ರಿಯಾಪದದ ರೂಪಾವಳಿಗೆ ಹೆಸರಾದ ಶಾಲಾಪುಸ್ತಕ ‘ಬೆಶ್ರೆಲ್’. ಆ ಹೆಸರನ್ನು ಬೀದಿಯ ಬೈಗುಳದ ಧಾಟಿಗೆ ತಿರುಗಿಸಿಕೊಂಡ ಖಾತೆಯೊಂದು 2010ರ ದಶಕದಲ್ಲಿ ಅಪಾರ ಜನಪ್ರಿಯವಾಯಿತು. ಅಂಗಡಿಯ ಫಲಕ, ಬಾಡಿಗೆಮನೆಯ ಚೀಟಿ, ಅಪರಿಚಿತರ ಪ್ರೇಮನಿವೇದನೆ, ಎಲ್ಲ ಕಡೆಯ ತಪ್ಪುಗಳನ್ನೂ ಹೆಕ್ಕಿ ಚೂಪಾದ ಒಂದು ಟೀಕೆಯೊಂದಿಗೆ ಮೆರೆಸುವುದು ಅದರ ಕಸುಬು. ನಗು ಬರುತ್ತದೆ ಎಂಬುದನ್ನು ಅಲ್ಲಗಳೆಯಬೇಕಿಲ್ಲ. ಆದರೆ ನಗೆಗೆ ಗುರಿಯಾದವರು ಯಾರೆಂದು ನೋಡಿದರೆ ಮಾರ್ತೀನಳ ಬಂಧುಗಳೇ ಹೆಚ್ಚು. ಕ್ಷೌರಿಕನ ‘ಬಳಿಗೆ’ ಎನ್ನುವ ಬದಲು ಕ್ಷೌರಿಕ‘ಕ್ಕೆ’ ಎಂಬಂತೆ ಹೇಳುವವರು, ‘ಅಪ್ಪನ ಕಾರು’ ಎನ್ನಲು ಶಾಲೆ ಒಪ್ಪದ ಉಪಸರ್ಗ ಹಾಕುವವರು. ಬೂಲೋನ್ ಬಂದರಿನ ಬಡ ಬಡಾವಣೆಯಲ್ಲಿ ಬೆಳೆದ ಫುಟ್ಬಾಲ್ ಆಟಗಾರ ಫ್ರಾಂಕ್ ರಿಬೇರಿ ‘ಚಕ್ರ ತಿರುಗುತ್ತದೆ’ ಎನ್ನಲು ಹೋಗಿ ‘ರುತೂರ್ನ್’ ಎಂಬ ಇಲ್ಲದ ಪದವನ್ನು ಆಡಿದನೆಂದು ಪ್ರಚಾರವಾಗಿ, ಅವನ ಗೋಲುಗಳಿಗಿಂತ ಆ ಒಂದು ಪದವೇ ಹೆಚ್ಚು ಓಡಾಡಿತು.

ಬಡವರ ಪಕ್ಷದವರೂ ಈ ಚಟದಿಂದ ಹೊರತಲ್ಲ. 2018ರ ಅಕ್ಟೋಬರಿನಲ್ಲಿ ಎಡಪಂಥೀಯ ನಾಯಕ ಜಾನ್‌ಲ್ಯೂಕ್ ಮೆಲಾಂಶೋನ್, ದಕ್ಷಿಣ ಫ್ರಾನ್ಸಿನ ಉಚ್ಚಾರಣೆಯಲ್ಲಿ ಪ್ರಶ್ನೆ ಕೇಳಿದ ಪತ್ರಕರ್ತೆಯೊಬ್ಬರನ್ನು ಅಣಕಿಸಿ, ಯಾರಾದರೂ ಅರ್ಥವಾಗುವ ಫ್ರೆಂಚಿನಲ್ಲಿ ಕೇಳಿ ಎಂದರು. ದೃಶ್ಯ ಜಾಲತಾಣಗಳಲ್ಲಿ ಹರಿದಾಡಿತು. ಈ ಸಲ ನಾಚಿಕೆಪಡಬೇಕಾಗಿ ಬಂದದ್ದು ಅಣಕಿಸಿದವರೇ. ಮಾತಿನ ರೀತಿಗಾಗಿ ತಾರತಮ್ಯ ಮಾಡುವುದಕ್ಕೆ ಫಿಲಿಪ್ ಬ್ಲಾಂಶೆ ಎಂಬ ಭಾಷಾವಿಜ್ಞಾನಿ ‘ನುಡಿದ್ವೇಷ’ ಎಂಬರ್ಥದ ಹೆಸರನ್ನು ಅದಾಗಲೇ ಪ್ರಚಾರಕ್ಕೆ ತಂದಿದ್ದರು. 2020ರ ನವೆಂಬರಿನಲ್ಲಿ ಉಚ್ಚಾರಣೆಯ ಆಧಾರದ ತಾರತಮ್ಯದ ವಿರುದ್ಧ ಮಂಡಿಸಿದ ಮಸೂದೆಗೆ ರಾಷ್ಟ್ರೀಯ ಸಭೆ ಮತ ಕೊಟ್ಟಿತು.

ಇಷ್ಟಕ್ಕೇ ಮೇಷ್ಟ್ರುಗಳ ಕಳವಳವನ್ನೆಲ್ಲ ಅಹಂಕಾರವೆಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಪ್ರಾಥಮಿಕ ಶಾಲೆಯ ಕೊನೆಯ ತರಗತಿಯ ಮಕ್ಕಳಿಗೆ ಶಿಕ್ಷಣ ಇಲಾಖೆ ಒಂದೇ ಉಕ್ತಲೇಖನವನ್ನು 1987ರಿಂದ ಕೆಲವು ವರ್ಷಗಳಿಗೊಮ್ಮೆ ಕೊಟ್ಟು ನೋಡಿದೆ. 1987ರಲ್ಲಿ ಸರಾಸರಿ ತಪ್ಪು ಸುಮಾರು 11. 2021ರಲ್ಲಿ ಸುಮಾರು 19. ಹೆಚ್ಚಿದವುಗಳಲ್ಲಿ ಮುಖ್ಯವಾದವು ಪದಗಳ ಅಕ್ಷರದೋಷಗಳಲ್ಲ, ಲಿಂಗ ವಚನಗಳ ಹೊಂದಾಣಿಕೆಯ ವ್ಯಾಕರಣದೋಷಗಳು. ತಪ್ಪಿಲ್ಲದೆ ಬರೆಯಲು ಕಲಿಸದೆ, ಹೊರಗೆ ತಪ್ಪಿಗೆ ಶಿಕ್ಷೆ ಕೊಡುವ ಸಮಾಜಕ್ಕೆ ಹುಡುಗನನ್ನು ದೂಡುವುದು ಕರುಣೆಯಲ್ಲ. ಉಳ್ಳವರ ಮಕ್ಕಳಿಗೆ ಮನೆಯಲ್ಲಿ ತಿದ್ದುವವರಿರುತ್ತಾರೆ. ಇಲ್ಲದವರಿಗೆ ಶಾಲೆಯೊಂದೇ ದಾರಿ ಎಂಬ ಹಳೆಯ ಮೇಷ್ಟ್ರ ವಾದದಲ್ಲಿ ಹುರುಳಿದೆ.

ಹಾಗಾದರೆ ನಿಯಮವನ್ನೇ ಹಗುರ ಮಾಡಬಾರದೇಕೆ ಎಂದು ಕೇಳಿದವರು ಬೆಲ್ಜಿಯಂನ ಇಬ್ಬರು ಮಾಜಿ ಫ್ರೆಂಚ್ ಮೇಷ್ಟ್ರುಗಳು, ಆರ್ನೋ ಹೋಟ್ ಮತ್ತು ಜೆರೋಮ್ ಪಿರೋನ್. 2018ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ‘ಲಿಬೆರಾಸ್ಯೋಂ’ ಪತ್ರಿಕೆಯಲ್ಲಿ ಬರೆದು, ಮಾರೋ ತಂದ ಕೃದಂತದ ಅನ್ವಯವನ್ನು ಕೈಬಿಡಿ, ಅದನ್ನು ಕಲಿಸಲು ಸರಾಸರಿ 80 ಗಂಟೆ ವ್ಯಯವಾಗುತ್ತಿದೆ, ಆ ಹೊತ್ತಿನಲ್ಲಿ ಮಕ್ಕಳಿಗೆ ಸಾಹಿತ್ಯ ಓದಿಸಬಹುದು ಎಂದರು. ಜಾಲತಾಣಗಳಲ್ಲಿ ಮತ್ತೆ ಅದೇ ಜ್ವಾಲೆ: ಮಟ್ಟ ಕುಸಿಯಿತು, ಸೋಮಾರಿಗಳಿಗೆ ಶರಣಾದರು, ನಾಗರಿಕತೆ ಮುಗಿಯಿತು. 2023ರಲ್ಲಿ ಕೆಲವು ಭಾಷಾವಿಜ್ಞಾನಿಗಳು ಒಟ್ಟಾಗಿ, ಫ್ರೆಂಚ್ ಭಾಷೆ ಕ್ಷೇಮವಾಗಿದೆ, ನಿಮ್ಮ ಕಾಳಜಿಗೆ ವಂದನೆ ಎಂಬ ಧಾಟಿಯ ಕಿರುಪುಸ್ತಕವೊಂದನ್ನು ಹೊರತಂದರು. ಅದರ ಮೇಲೂ ಕದನ ನಡೆಯಿತು.

ಈ ಜಗಳದಲ್ಲಿ ಎಂದೂ ಕಟಕಟೆಗೆ ಬರದ ತಪ್ಪುಗಳೂ ಇವೆ. ಮೊದಲೇ ಬಂದ ಕರ್ಮಪದಕ್ಕೆ ಕೃದಂತವನ್ನು ಹೊಂದಿಸದೆ ಬಿಡುವುದನ್ನು ಮಂತ್ರಿಗಳ ಭಾಷಣದಲ್ಲಿ, ರೇಡಿಯೋ ಸಂವಾದಗಳಲ್ಲಿ ದಿನವೂ ಕೇಳಬಹುದು. ‘ಆದ ಬಳಿಕ’ ಎಂಬರ್ಥದ ‘ಆಪ್ರೆ ಕ’ ಪದದ ನಂತರ ನಡೆದುಹೋದ ಸಂಗತಿಯನ್ನು ಹೇಳುವ ಕ್ರಿಯಾರೂಪವೇ ಬರಬೇಕೆಂಬುದು ಅಕಾಡೆಮಿಯ ಕಟ್ಟಪ್ಪಣೆ. ಪ್ರಾಧ್ಯಾಪಕರೂ ವಕೀಲರೂ ಸಂಪಾದಕರೂ ಅಲ್ಲಿ ಸಂಭಾವನೆಯ ರೂಪವನ್ನೇ ಬಳಸುತ್ತಾರೆ, ಅದೇ ಸೊಗಸಾದ ಫ್ರೆಂಚ್ ಎಂದು ನಂಬಿ. ಸೂಟುಬೂಟಿನವರ ಈ ತಪ್ಪನ್ನು ಹಿಡಿದು ನಗುವ ಚಿತ್ರಗಳನ್ನು ಜಾಲತಾಣಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ‘ಸಿ ಜೋರೆ’ಯ ಮೇಲಿನವು ಮಾತ್ರ ಪ್ರತಿ ಮುಂಜಾನೆ ಹೊಸದಾಗಿ ಬರುತ್ತವೆ.